ಐವತ್ನಾಲ್ಕಕ್ಕೆ ನಿಂತ ಅಂಕಿ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಸರ್ಕಾರಿ ಸೇವೆಯಿಂದ ನಿವೃತ್ತಳಾದೆ. ಮೂವತ್ತೆರಡು ವರ್ಷ ನೇತ್ರಾಧಿಕಾರಿಯಾಗಿದ್ದೆ. ಹೆಸರು ದೊಡ್ಡದಾದರೂ ನೇತ್ರಾಧಿಕಾರಿ ಎಂದರೆ ಕಣ್ಣಿನ ಡಾಕ್ಟರಲ್ಲ. ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರು ಬರೆಯುವುದು, ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುವುದು, ಪೊರೆ ಬಂದವರನ್ನು ಶಿಬಿರಕ್ಕೆ ಕಳಿಸುವುದು ನಮ್ಮ ಕೆಲಸ. ನಿವೃತ್ತಿಯಾದ ಮೂರನೇ ತಿಂಗಳಿಗೆ ಹುಮನಾಬಾದಿನ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯವರು ಕರೆದರು. ದಾನಿಯೊಬ್ಬರು ಕೊಟ್ಟ ಒ.ಸಿ.ಟಿ. ಯಂತ್ರ ಬಂದು ಕೂತಿತ್ತು, ನಡೆಸುವವರಿರಲಿಲ್ಲ. ಹೈದರಾಬಾದಿನಲ್ಲಿ ಎರಡು ವಾರ ತರಬೇತಿ ಪಡೆದು ಬಂದೆ. ಬಸವಕಲ್ಯಾಣದ ನನ್ನ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಒಂಬತ್ತೂವರೆಗೆ ಆಸ್ಪತ್ರೆಯಲ್ಲಿರುತ್ತಿದ್ದೆ.

ಒ.ಸಿ.ಟಿ. ಎಂದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಶಬ್ದದ ಅಲೆ ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪಾಪೆಯ ಮೂಲಕ ಒಳಗೆ ಹೋಗಿ, ಹಿಂಭಾಗದ ಪದರಗಳಿಗೆ ತಾಗಿ ಮರಳುತ್ತದೆ. ಮೇಲಿನ ಪದರದ ಬೆಳಕು ಒಂದಿಷ್ಟು ಮೊದಲು ಬರುತ್ತದೆ, ಆಳದ ಪದರದ್ದು ಒಂದಿಷ್ಟು ತಡವಾಗಿ. ಆ ತಡ ಎಷ್ಟು ಸಣ್ಣದೆಂದರೆ ಯಾವ ಗಡಿಯಾರಕ್ಕೂ ಸಿಗುವುದಿಲ್ಲ. ಹೀಗಾಗಿ ಯಂತ್ರ ಅದೇ ಬೆಳಕಿನ ಇನ್ನೊಂದು ಪಾಲನ್ನು ತನ್ನೊಳಗಿನ ಕನ್ನಡಿಗೆ ಕಳಿಸಿ, ಎರಡನ್ನೂ ಕೂಡಿಸಿ ನೋಡಿ ಆಳವನ್ನು ಲೆಕ್ಕ ಹಾಕುತ್ತದೆ. ನೂರಾರು ಸೀಳುನೋಟಗಳನ್ನು ಒಂದರ ಪಕ್ಕ ಒಂದಿಟ್ಟು ಕಣ್ಣಿನ ಹಿಂಭಾಗದ ಮೂರು ಆಯಾಮದ ಚಿತ್ರ ಕಟ್ಟುತ್ತದೆ. ಸೂಜಿಯಿಲ್ಲ, ನೋವಿಲ್ಲ. ಗದ್ದ ಊರಿ ಹಸಿರು ಚುಕ್ಕೆಯನ್ನು ನೋಡುತ್ತ ಕೆಲವೇ ಸೆಕೆಂಡು ಕೂತರೆ ಸಾಕು. ಆಮೇಲೆ ಆ ಚಿತ್ರವನ್ನು ಪರದೆಯ ಮೇಲೆ ತಿರುಗಿಸಿ, ಓರೆ ಮಾಡಿ, ಯಾವ ಕಡೆಯಿಂದ ಬೇಕಾದರೂ ನೋಡಬಹುದು. ಮೂವತ್ತು ವರ್ಷ ಟಾರ್ಚು ಹಿಡಿದು ದುಡಿದವಳಿಗೆ ಅದೊಂದು ಬೆರಗು. ಮೊದಲ ದಿನ ನನ್ನ ಕಣ್ಣನ್ನೇ ಸ್ಕ್ಯಾನ್ ಮಾಡಿಸಿಕೊಂಡು ಅರ್ಧ ಗಂಟೆ ನೋಡುತ್ತ ಕೂತಿದ್ದೆ.

ನಮ್ಮಲ್ಲಿ ಅದರ ಮುಖ್ಯ ಉಪಯೋಗ ಗ್ಲಾಕೋಮಾಕ್ಕೆ. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಒಣಗುತ್ತ ಹೋಗುವ ಕಾಯಿಲೆ ಅದು. ನೋವಿರುವುದಿಲ್ಲ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನಡುವಿನದು ಕೊನೆಯವರೆಗೆ ಉಳಿಯುತ್ತದೆ. ನರತಂತುಗಳ ಪದರ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಯಂತ್ರ ಮೈಕ್ರಾನಿನಲ್ಲಿ ಹೇಳುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಆರೋಗ್ಯವಂತರಲ್ಲಿ ಈ ಪದರ ಸುಮಾರು ನೂರು ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನಷ್ಟು ದಪ್ಪ.

ಮೃಗಶಿರ ಮಳೆ ಹಿಡಿದ ವಾರ ಅಂಬಿಕಾ ಬಂದಳು. ಹತ್ತೊಂಬತ್ತು ವರ್ಷ, ಹುಮನಾಬಾದಿನಲ್ಲೇ ಬಿ.ಎಸ್ಸಿ. ಎರಡನೇ ವರ್ಷ. ಜೊತೆಗೆ ತಂದೆ ವೈಜಿನಾಥ. ದುಬಲಗುಂಡಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟವರು, ಡಿ.ಫಾರ್ಮಾ ಓದಿದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರ ಮಾತಿನಲ್ಲಿ ಅರ್ಧ ಡಾಕ್ಟರರ ಭಾಷೆ ಇತ್ತು. ಊರಲ್ಲಿ ಅವರನ್ನು ಎಲ್ಲರೂ ಡಾಕ್ಟ್ರೇ ಎಂದೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು.

"ಚಷ್ಮಾ ನಂಬರ ಬದಲಾಗಿರಬೇಕ್ರಿ ಮೇಡಂ. ಲ್ಯಾಬಿನ್ಯಾಗ ಬಾಜೂಕ ಇಟ್ಟ ಶೀಶೆ ಕೆಡವ್ತಾಳಂತ. ಮೊನ್ನೆ ಎರಡು ಒಡದಾಳ" ಎಂದರು.

"ಯಾರರ ಬಾಜೂಕ ಬಂದು ನಿಂತ್ರ ಗೊತ್ತೇ ಆಗಾಂಗಿಲ್ರಿ" ಎಂದಳು ಅಂಬಿಕಾ, ನಗುತ್ತಲೇ.

ಎರಡೂ ಕಣ್ಣು ತೆರೆದು ಓದಿಸಿದೆ. ಕೊನೆಯ ಸಾಲಿನ ಹಿಂದಿನ ಸಾಲಿನವರೆಗೆ ಸಲೀಸಾಗಿ ಓದಿದಳು. ಆಮೇಲೆ ಎಡಗಣ್ಣು ಮುಚ್ಚಿಸಿದೆ.

"ಓದವ್ವಾ."

"ಲೈಟ್ ಬಂದ್ ಮಾಡೀರೇನ್ರಿ?"

ದೀಪ ಉರಿಯುತ್ತಲೇ ಇತ್ತು. ಬಲಗಣ್ಣಿನ ಮುಂದೆ ಒಂದು ಗೇಣಿನಷ್ಟು ಹತ್ತಿರ ಬೆರಳು ಹಿಡಿದಾಗ ಮಾತ್ರ ಎಣಿಸಿದಳು. ಒಂದು ಕಣ್ಣು ಹೋಗಿರುವುದು ಅವಳಿಗೇ ಗೊತ್ತಿರಲಿಲ್ಲ. ಗ್ಲಾಕೋಮಾದಲ್ಲಿ ಇದು ಅಪರೂಪವಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತ ಹೋಗುತ್ತದೆ. ಕಣ್ಣಿನ ಒತ್ತಡ ಇಪ್ಪತ್ತೊಂದರ ಒಳಗಿರಬೇಕು. ಬಲಕ್ಕೆ ನಲವತ್ನಾಲ್ಕು, ಎಡಕ್ಕೆ ಮೂವತ್ತೆಂಟು ಇತ್ತು. ಸ್ಕ್ಯಾನ್ ಮಾಡಿದೆ. ಬಲಗಣ್ಣಿನ ನರಪದರ ಐವತ್ತೊಂದು ಮೈಕ್ರಾನ್, ಎಡಗಣ್ಣಿನದು ಅರವತ್ತೆಂಟು. ಆರೋಗ್ಯಕ್ಕೆ ಹಸಿರು, ಅನುಮಾನಕ್ಕೆ ಹಳದಿ, ತೆಳುವಾದುದಕ್ಕೆ ಕೆಂಪು ಬಣ್ಣವನ್ನು ಯಂತ್ರ ತೋರಿಸುತ್ತದೆ. ಅವಳ ಎರಡು ಚಿತ್ರಗಳಲ್ಲಿ ಹಸಿರು ಒಂದು ಕಡೆಯೂ ಇರಲಿಲ್ಲ.

ಈ ವಯಸ್ಸಿಗೆ ಇಷ್ಟು ಹಾನಿ ಎಂದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಕೇಳಿದೆ: "ಕಣ್ಣಿಗಿ ಏನರ ಹನಿ ಹಾಕ್ತೀರೇನ?"

"ತಿಂಡಿ ಬಿಟ್ಟಾಗ ಹಾಕ್ಕೋತೀನ್ರಿ. ಸಣ್ಣಾಕಿ ಇದ್ದಾಗಿಂದ. ಧೂಳಿಗಿ ಬಾಳ ತಿಂಡಿ ಬಿಡ್ತದ ನನಗ. ಅಪ್ಪ ಕೊಡ್ತಾರ" ಎಂದಳು. ತಿಂಡಿ ಎಂದರೆ ನಮ್ಮ ಕಡೆ ತುರಿಕೆ.

ನಾನು ವೈಜಿನಾಥರ ಕಡೆ ತಿರುಗಿದೆ. ಅವರು ಅಂಗಿಯ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ನನಗೆ ಓದಲು ಬಿಡದೆ ತಾವೇ ಎತ್ತಿಕೊಂಡು, ಕನ್ನಡಕ ಮೇಲೆ ಸರಿಸಿ ಲೇಬಲ್ಲು ಓದಿದರು. ಸಾವಿರ ಸಲ ಮಾರಿದ ಬಾಟಲಿ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಅದು ಸ್ಟೀರಾಯ್ಡ್ ಇರುವ ಹನಿ. ತುರಿಕೆ, ಕೆಂಪು ಎರಡು ದಿನದಲ್ಲಿ ಮಾಯವಾಗುತ್ತವೆ. ಡಾಕ್ಟರು ಕೊಟ್ಟರೆ ಎಂಟು ಹತ್ತು ದಿನಕ್ಕೆ ಕೊಟ್ಟು ನಿಲ್ಲಿಸುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಕೆಲವರ ಕಣ್ಣಿನ ಒತ್ತಡ ಏರಿಬಿಡುತ್ತದೆ. ಯಾರಿಗೆ ಏರುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ಹೇಳಲು ಬರುವುದಿಲ್ಲ.

"ಹನ್ನೊಂದು ವರ್ಷದಾಕಿ ಇದ್ದಾಗ ಡಾಕ್ಟರ ಬರದು ಕೊಟ್ಟಿದ್ರು, ಹತ್ತು ದಿನಕ್ಕ. ಮುಂದ ನಾನೇ..." ಎಂದು ವೈಜಿನಾಥ ನಿಲ್ಲಿಸಿದರು. ಬಾಟಲಿಯನ್ನು ಮರಳಿ ಮೇಜಿನ ಮೇಲಿಟ್ಟು, "ಇದು ನನಗ ಗೊತ್ತಿತ್ರಿ ಮೇಡಂ. ಕಾಲೇಜಿನ್ಯಾಗ ಓದೀನಿ. ಪರೀಕ್ಷಾದಾಗ ಬರದೀನಿ" ಎಂದರು.

ಅಂಬಿಕಾಗೆ ಏನೂ ತಿಳಿಯಲಿಲ್ಲ. "ಚಷ್ಮಾ ಯಾವಾಗ ಸಿಗ್ತದ್ರಿ?" ಎಂದು ಕೇಳಿದಳು.

ನಮ್ಮ ಆಸ್ಪತ್ರೆಗೆ ಕಲಬುರಗಿಯಿಂದ ಡಾಕ್ಟರ್ ನಂದಿನಿ ಪ್ರತಿ ಗುರುವಾರ ಬರುತ್ತಿದ್ದರು, ಅವತ್ತೂ ಬಂದಿದ್ದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಸುತ್ತುಬಳಸಿ ಮಾತಾಡುವವರಲ್ಲ. ತಂದೆ ಮಗಳನ್ನು ಕೂರಿಸಿಕೊಂಡು, ಬಲಗಣ್ಣು ಮರಳುವುದಿಲ್ಲ, ಎಡಗಣ್ಣಿನಲ್ಲಿ ಇರುವುದನ್ನು ಉಳಿಸಲು ನೋಡೋಣ ಎಂದರು. ಸ್ಟೀರಾಯ್ಡ್ ನಿಲ್ಲಿಸಿ ಒತ್ತಡ ಇಳಿಸುವ ಮೂರು ಬಗೆಯ ಹನಿ ಬರೆದರು. ಅಂಬಿಕಾ ಅಲ್ಲಿ ಅಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಒಂದು ಕಣ್ಣು ಮುಚ್ಚುವುದು, ತೆರೆಯುವುದು, ಇನ್ನೊಂದನ್ನು ಮುಚ್ಚುವುದು, ಹೀಗೆ ಬಹಳ ಹೊತ್ತು ಮಾಡುತ್ತಿದ್ದಳು. ಬಲಗಣ್ಣಲ್ಲಿ ಎಷ್ಟಿದೆ ಎಂದು ಮೊದಲ ಸಲ ತಾನೇ ನೋಡಿಕೊಳ್ಳುತ್ತಿದ್ದಳು.

ಮುಂದಿನ ಗುರುವಾರ ವೈಜಿನಾಥ ಮಗಳಿಲ್ಲದೆ ಬಂದರು. ಜೊತೆಗೆ ನಾಲ್ಕು ಜನ. ಎಲ್ಲರೂ ದುಬಲಗುಂಡಿಯವರು, ಅವರ ಅಂಗಡಿಯಿಂದ ಆ ಹನಿಯನ್ನು ಪದೇ ಪದೇ ಒಯ್ದವರು. "ನೆನಪಾದಷ್ಟು ಮಂದಿನ್ನ ಕರ್ಕೊಂಡು ಬರಾಕತ್ತೇನ್ರಿ" ಎಂದರು. ಅವರು ಬೇಕಾಗಿದ್ದರೆ ಸುಮ್ಮನಿರಬಹುದಿತ್ತು. ಊರಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಮನೆಗೆ ಹೋಗಿ, ನಾನು ಕೊಟ್ಟ ಹನಿಯಿಂದ ನಿಮ್ಮ ಕಣ್ಣು ಕೆಟ್ಟಿರಬಹುದು, ಬನ್ನಿ ನೋಡಿಸೋಣ ಎಂದು ಹೇಳುವುದು ಸಣ್ಣ ಮಾತಲ್ಲ. ಕೆಲವರು ಬಾಗಿಲಲ್ಲೇ ಬೈದು ಕಳಿಸಿದರಂತೆ. ಎರಡು ತಿಂಗಳಲ್ಲಿ ಒಟ್ಟು ಹದಿನಾಲ್ಕು ಜನರನ್ನು ಕರೆತಂದರು. ಒಂಬತ್ತು ಜನರ ಕಣ್ಣಿಗೆ ಏನೂ ಆಗಿರಲಿಲ್ಲ. ಮೂವರ ಒತ್ತಡ ಏರಿತ್ತು, ನರ ಇನ್ನೂ ಸರಿಯಿತ್ತು. ಹನಿ ನಿಲ್ಲಿಸಿದ ಮೇಲೆ ಅವರ ಒತ್ತಡ ತಾನೇ ಇಳಿಯಿತು. ಇಬ್ಬರಿಗೆ ಹಾನಿಯಾಗಿತ್ತು.

ಆ ಇಬ್ಬರಲ್ಲಿ ಒಬ್ಬರು ಮಲ್ಲಮ್ಮ ಎಂಬ ಕೂಲಿ ಹೆಂಗಸು. ವಯಸ್ಸು ಐವತ್ತರ ಆಸುಪಾಸು. ಪ್ರತಿ ವರ್ಷ ತೊಗರಿ ರಾಶಿಯ ಹೊಟ್ಟು ಕಣ್ಣಿಗೆ ಹೊಡೆದಾಗ ಅಂಗಡಿಗೆ ಬಂದು ಹನಿ ಒಯ್ಯುತ್ತಿದ್ದರು. ಎಡಗಣ್ಣು ಪೂರ್ತಿ ಹೋಗಿತ್ತು. ನಾನು ಚಿತ್ರ ತೋರಿಸಿ ಹೇಳುತ್ತಿದ್ದಾಗ ವೈಜಿನಾಥ ಗೋಡೆಗೆ ಒತ್ತಿ ನಿಂತಿದ್ದರು. ಮಲ್ಲಮ್ಮ ಅವರನ್ನೇ ನೋಡಿ ಹೇಳಿದರು: "ನೀನೇ ಕೊಟ್ಟಿದ್ದಿ, ನೀನೇ ಕರ್ಕೊಂಡು ಬಂದಿ. ಈಗ ನಾ ಯಾರಿಗಿ ಬೈಲೋ ಯಪ್ಪಾ?" ಮಲ್ಲಮ್ಮನನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆಂದು ಹೋದ ವೈಜಿನಾಥ ಅವತ್ತು ಮರಳಿ ಆಸ್ಪತ್ರೆಗೆ ಬರಲಿಲ್ಲ.

ಇತ್ತ ಅಂಬಿಕಾಳ ಎಡಗಣ್ಣಿನ ಒತ್ತಡ ಮೂವತ್ತೆಂಟರಿಂದ ಇಪ್ಪತ್ತೆರಡಕ್ಕೆ ಇಳಿದು ಅಲ್ಲೇ ನಿಂತಿತು. ಗಟ್ಟಿ ನರ ಇಪ್ಪತ್ತೆರಡನ್ನು ತಡೆಯುತ್ತದೆ, ಅಷ್ಟು ಸೋತ ನರಕ್ಕೆ ಹನ್ನೆರಡರ ಒಳಗೆ ಬರಬೇಕು. ಆಗಸ್ಟಿನಲ್ಲಿ ನರಪದರ ಅರವತ್ತೊಂದಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಐವತ್ತಾರು. ಡಾಕ್ಟರ್ ನಂದಿನಿ ಶಸ್ತ್ರಚಿಕಿತ್ಸೆ ಬೇಕೆಂದರು. ಕಣ್ಣಿನೊಳಗಿನ ನೀರು ಹೊರಹರಿಯಲು ಸಣ್ಣ ದಾರಿ ಮಾಡುವ ಆಪರೇಷನ್ ಅದು. ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಜನವರಿ ಮೊದಲ ವಾರಕ್ಕೆ ದಿನ ಸಿಕ್ಕಿತು.

ಡಾಕ್ಟರರು ಒಂದು ಮಾತನ್ನು ಮುಚ್ಚಿಡಲಿಲ್ಲ. ಇಷ್ಟು ಮುಂದುವರಿದ ಕಣ್ಣಿನಲ್ಲಿ ಆಪರೇಷನ್ ಆದ ಮೇಲೆ ಉಳಿದ ನೋಟವೂ ಒಮ್ಮೊಮ್ಮೆ ಹೋಗಿಬಿಡುವುದುಂಟು. ಮಾಡಿಸದಿದ್ದರೆ ನಿಧಾನವಾಗಿ ಹೋಗುವುದು ಹೆಚ್ಚುಕಡಿಮೆ ಖಚಿತ. ಅಂದಿನಿಂದ ವೈಜಿನಾಥ ಇಳಿದುಹೋದರು. ತಮ್ಮ ಕೈಯಾರೆ ಒಂದು ಕಣ್ಣು ಕಳೆದವರಿಗೆ ಎರಡನೆಯದರ ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಪ್ರತಿ ಸ್ಕ್ಯಾನಿಗೂ ಅವರು ನನ್ನ ಬೆನ್ನ ಹಿಂದೆ ನಿಂತು ಅಂಕಿ ಬರುವುದನ್ನು ಕಾಯುತ್ತಿದ್ದರು. ಮೂರು ಆಯಾಮದ ಚಿತ್ರ, ಬಣ್ಣ ಯಾವುದೂ ಅವರಿಗೆ ಬೇಕಿರಲಿಲ್ಲ. ಮೂಲೆಯಲ್ಲಿ ಬರುವ ಆ ಒಂದು ಅಂಕಿ ಮಾತ್ರ. ನವೆಂಬರಿನಲ್ಲಿ ಅದು ಐವತ್ನಾಲ್ಕಾಗಿತ್ತು.

ಡಿಸೆಂಬರಿನಲ್ಲಿ ಮತ್ತೆ ಬಂದರು. ಡಾಕ್ಟರ್ ನಂದಿನಿಯ ತಾಯಿಗೆ ಹುಷಾರಿರಲಿಲ್ಲ, ಅವರು ಮೂರು ವಾರ ರಜೆಯಲ್ಲಿದ್ದರು. ಕೋಣೆಯಲ್ಲಿ ನಾವು ಮೂವರೇ. ಅಂಬಿಕಾ ಗದ್ದ ಊರಿ ಕೂತಳು. ಹಸಿರು ಚುಕ್ಕೆ ಹಿಡಿಯಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಅದು ನನ್ನ ಗಮನಕ್ಕೆ ಬಂದಿತ್ತು. ಅಂಕಿ ಮೂಡಿತು: ಐವತ್ನಾಲ್ಕು.

"ಹೋದ ತಿಂಗಳೂ ಐವತ್ನಾಲ್ಕೇ ಇತ್ತಲ್ರಿ?" ವೈಜಿನಾಥರ ದನಿ ಏರಿತು.

"ಹೌದ್ರಿ. ಅಂಕಿ ಅಷ್ಟೇ ಅದ" ಎಂದೆ.

"ಅಂದ್ರ ನಿಂತದ! ಅಂಬವ್ವಾ, ನಿಂತದ ನೋಡು!" ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು. ಆರು ತಿಂಗಳಲ್ಲಿ ಆ ಮನುಷ್ಯ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಬಿಕಾ ಕುರ್ಚಿಯಿಂದೆದ್ದು ಅಪ್ಪನ ತೋಳು ಹಿಡಿದುಕೊಂಡಳು.

ಇಲ್ಲಿ ನಾನು ಒಂದು ವಿಷಯ ವಿವರಿಸಬೇಕು. ನಾವು ಅಳೆಯುವ ಆ ಪದರದಲ್ಲಿ ಇರುವುದೆಲ್ಲ ನರತಂತುಗಳಲ್ಲ. ತಂತುಗಳಿಗೆ ಆಸರೆಯಾದ ಬೇರೆ ಜೀವಕೋಶಗಳಿವೆ, ಸಣ್ಣ ರಕ್ತನಾಳಗಳಿವೆ. ತಂತುಗಳೆಲ್ಲ ಸತ್ತುಹೋದರೂ ಅವು ಉಳಿಯುತ್ತವೆ. ಹೀಗಾಗಿ ಅಂಕಿ ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಐವತ್ತು, ಐವತ್ತೈದರ ಸುತ್ತ ಬಂದು ನಿಂತುಬಿಡುತ್ತದೆ. ತರಬೇತಿಯಲ್ಲಿ ಇದನ್ನು ಫ್ಲೋರ್ ಎಂದು ಕಲಿಸಿದ್ದರು, ಅಂದರೆ ನೆಲ. ನೆಲ ಮುಟ್ಟಿದ ಮೇಲೆ ಯಂತ್ರ ಕುರುಡು. ಕಣ್ಣಿನಲ್ಲಿ ಉಳಿದ ಕೊನೆಯ ತಂತುಗಳು ದಿನದಿನವೂ ಹೋಗುತ್ತಿದ್ದರೂ ಅದು ಅದೇ ಅಂಕಿಯನ್ನು ಹೇಳುತ್ತಿರುತ್ತದೆ. ಆಗ ಕೇಳಬೇಕಾದದ್ದು ಫೀಲ್ಡ್ ಟೆಸ್ಟನ್ನು. ಸುತ್ತಲಿನ ನೋಟ ಎಷ್ಟು ಉಳಿದಿದೆ ಎಂದು ಚುಕ್ಕೆ ಚುಕ್ಕೆಯಾಗಿ ಅಳೆಯುವ ಪರೀಕ್ಷೆ ಅದು. ಅದರ ಯಂತ್ರ ನಮ್ಮಲ್ಲಿರಲಿಲ್ಲ.

ಇದು ನನಗೆ ಗೊತ್ತಿತ್ತು. ಅವತ್ತು, ಆ ಕ್ಷಣದಲ್ಲಿಯೇ ಗೊತ್ತಿತ್ತು. ಬಲಗಣ್ಣಿನ ಅಂಕಿ ಮೊದಲ ದಿನದಿಂದಲೂ ಐವತ್ತೊಂದರಲ್ಲೇ ಇರುವುದನ್ನು ನಾನು ನೋಡುತ್ತ ಬಂದಿದ್ದೆ.

"ನಿಂತದಲ್ರಿ ಮೇಡಂ, ಖರೆ ಹೇಳ್ರಿ" ಎಂದು ಅವರು ಮತ್ತೆ ಕೇಳಿದರು.

"ಡಾಕ್ಟ್ರು ಬಂದ ಮ್ಯಾಲ ಒಂದ್ಸಲ ಕೇಳ್ಕೋರಿ" ಎಂದೆ.

ರಿಪೋರ್ಟಿನ ಅರ್ಥ ಹೇಳುವುದು ಡಾಕ್ಟರರ ಕೆಲಸ, ನನ್ನದಲ್ಲ ಎಂಬುದು ನಿಯಮ. ಆ ನಿಯಮದ ಹಿಂದೆ ನಿಂತುಕೊಂಡೆ. ಬರೀ ಅಷ್ಟಾಗಿದ್ದರೆ ಈ ಬರಹ ಬೇಕಾಗಿರಲಿಲ್ಲ. ಹಾಗೆ ಹೇಳುವಾಗ ನಾನು ನಕ್ಕೆ. ಅವರ ಸಂತೋಷ ನೋಡಿ ನನಗೂ ನಗು ಬಂತು. ಹನಿಯ ಬಾಟಲಿ ಹಿಡಿದು ಅವರು ಎರಡೆರಡು ಸಲ ಓದಿದ್ದನ್ನು ನೋಡಿದವಳು ನಾನು. ಒಂದು ದಿನವಾದರೂ ಅವರು ಹಗುರಾಗಿ ಮನೆಗೆ ಹೋಗಲಿ ಅನ್ನಿಸಿತು. ನನ್ನ ಮಾತಿಗಿಂತ ನನ್ನ ನಗುವನ್ನು ಅವರು ನಂಬಿದರು.

ಆಮೇಲಿನದು ನನಗೆ ತಿಳಿದದ್ದು ಫೆಬ್ರುವರಿಯಲ್ಲಿ. ಜನವರಿಯ ಆಪರೇಷನ್ ದಿನ ಅಂಬಿಕಾಳ ಸೆಮಿಸ್ಟರ್ ಪರೀಕ್ಷೆಯ ಹತ್ತಿರ ಬರುತ್ತಿತ್ತು. ನಿಂತಿದೆ ಎಂದ ಮೇಲೆ ಅವಸರವೇಕೆ, ಪರೀಕ್ಷೆ ಮುಗಿಸಿ ಹೋಗೋಣ ಎಂದಳಂತೆ. ಅಪ್ಪನಿಗೂ ಅದೇ ಬೇಕಾಗಿತ್ತು. ಹೈದರಾಬಾದಿಗೆ ಫೋನು ಮಾಡಿ ದಿನವನ್ನು ಮಾರ್ಚಿಗೆ ಮುಂದೂಡಿದರು. ಡಾಕ್ಟರ್ ನಂದಿನಿ ರಜೆ ಮುಗಿಸಿ ಬಂದಾಗ ತಂದೆ ಮಗಳು ಹೈದರಾಬಾದಿಗೆ ಹೋಗಿರಬೇಕೆಂದೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ದಿನಾ ದುಬಲಗುಂಡಿಯ ಬಸ್ಸು ನಿಲ್ಲುವ ಜಾಗದ ಮುಂದೆಯೇ ಹಾದುಹೋಗುತ್ತಿದ್ದವಳು ಒಂದು ಸಲವೂ ಫೋನು ಮಾಡಿ ಕೇಳಲಿಲ್ಲ.

ಫೆಬ್ರುವರಿಯ ಒಂದು ಗುರುವಾರ ಅಂಬಿಕಾ ಅಪ್ಪನ ಭುಜದ ಮೇಲೆ ಕೈಯಿಟ್ಟುಕೊಂಡು ಬಾಗಿಲು ದಾಟಿದಳು. ಹೊಸ್ತಿಲಿದೆಯೇ ಎಂದು ಕಾಲಿನಿಂದ ಮುಟ್ಟಿ ನೋಡಿದಳು. ಆ ಒಂದು ಹೆಜ್ಜೆಯಲ್ಲೇ ನನಗೆ ತಿಳಿಯಿತು.

ಮೂರನೇ ಪೇಪರಿನ ದಿನ ಪ್ರಶ್ನೆಪತ್ರಿಕೆಯಲ್ಲಿ ಸಾಲುಗಳೇ ಸಿಗಲಿಲ್ಲವಂತೆ. ಕಾಗದ ಬಿಳಿ ಇದೆ ಎಂದು ಕಾಣುತ್ತಿತ್ತು, ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. ಪಕ್ಕದ ಹುಡುಗಿಗೆ ಪತ್ರಿಕೆ ಕೊಟ್ಟು ತನಗೆ ಬರೀ ಕಾಗದ ಕೊಟ್ಟಿದ್ದಾರೇನೋ ಎಂದು ಮೇಲ್ವಿಚಾರಕರನ್ನು ಕರೆದಳಂತೆ. ಅವರು ಬಂದು ಎರಡೂ ಒಂದೇ ಎಂದರಂತೆ.

ಎಡಗಣ್ಣು ಪರೀಕ್ಷಿಸಿದೆ. ಜೂನಿನಲ್ಲಿ ಕೊನೆಯ ಸಾಲಿನ ಹಿಂದಿನ ಸಾಲು ಓದಿದ ಕಣ್ಣು ಈಗ ಎರಡು ಮೀಟರಿನಲ್ಲಿ ಬೆರಳು ಎಣಿಸುತ್ತಿತ್ತು. ಒತ್ತಡ ಇಪ್ಪತ್ನಾಲ್ಕು. ಡಾಕ್ಟರರ ಮಾತಿನಂತೆ ಸ್ಕ್ಯಾನ್ ಮಾಡಿದೆ. ಹಸಿರು ಚುಕ್ಕೆ ಅವಳಿಗೆ ಕಾಣಲೇ ಇಲ್ಲ. ಅಂದಾಜಿನ ಮೇಲೆ ನೇರ ನೋಡಿಸಿ ಹೇಗೋ ತೆಗೆದೆ. ಐವತ್ಮೂರು.

ವೈಜಿನಾಥ ಪರದೆಯನ್ನು ನೋಡಿದರು. ಮಗಳನ್ನು ನೋಡಿದರು. "ಒಂದೇ ನಂಬರ ಅಲ್ರಿ ಕಮ್ಮಿ ಆಗಿದ್ದು? ಅಷ್ಟಕ್ಕ ಹಿಂಗ್ಯಾಂಗ ಆಗ್ತದ? ಮಷಿನ್ ತಪ್ಪು ತೋರ್ಸಾಕತ್ತದೇನ್ರಿ?"

ಆಗ ನೆಲದ ವಿಷಯ ಹೇಳಿದೆ. ಮೇಲೆ ವಿವರಿಸಿದ್ದನ್ನೆಲ್ಲ ಅವರಿಗೆ ತಿಳಿಯುವಂತೆ, ನಿಧಾನವಾಗಿ, ಬಲಗಣ್ಣಿನ ಹಳೆಯ ಚಿತ್ರಗಳನ್ನು ತೆರೆದು ತೋರಿಸಿ ಹೇಳಿದೆ. ಅವರು ಔಷಧ ಓದಿದ ಮನುಷ್ಯ, ತಕ್ಷಣ ಅರ್ಥವಾಯಿತು. ಡಿಸೆಂಬರಿನ ಚಿತ್ರವನ್ನು ಇನ್ನೊಮ್ಮೆ ತೆರೆಸಿ ಕೇಳಿದರು:

"ಇದು ನಿಮಗ ಡಿಸೆಂಬರದಾಗ ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ಡಾಕ್ಟರ್ ನಂದಿನಿ ಪಕ್ಕದ ಕೋಣೆಯಲ್ಲಿದ್ದರು, ಅವರಿಗೂ ಕೇಳುವಂತಿತ್ತು. "ಗೊತ್ತಿತ್ತು" ಎಂದೆ.

"ಮತ್ತ ಯಾಕ ಹೇಳ್ಲಿಲ್ರಿ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಲೆ ತಗ್ಗಿಸಿ, "ನಾ ಯಾವ ಬಾಯಿಲೆ ಕೇಳ್ಬೇಕ್ರಿ ನಿಮಗ" ಎಂದರು. ಆ ಮಾತು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತಮ್ಮ ತಪ್ಪಿನ ಮುಂದೆ ನನ್ನದನ್ನು ಅವರು ಎಣಿಸಲಿಲ್ಲ. ಅಂಬಿಕಾ ಎಣಿಸಿದಳು. ಕುರ್ಚಿಯಲ್ಲಿ ಕೂತಲ್ಲಿಂದಲೇ, ನನ್ನ ದನಿ ಬಂದ ಕಡೆ ಮುಖ ಮಾಡಿ ಹೇಳಿದಳು:

"ಅಪ್ಪಗ ಹನಿ ಕೊಡೂವಾಗ ಹೊಳೀಲಿಲ್ರಿ. ನಿಮಗ ತಿಳದಿತ್ತು."

ಮಾರ್ಚಿಗೆ ಕಾಯಲಿಲ್ಲ. ಡಾಕ್ಟರ್ ನಂದಿನಿ ಫೋನು ಮಾಡಿ ಅದೇ ವಾರ ಹೈದರಾಬಾದಿನಲ್ಲಿ ಆಪರೇಷನ್ ಮಾಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಒತ್ತಡ ಹನ್ನೊಂದಕ್ಕೆ ಬಂತು, ಇಂದಿಗೂ ಹನ್ನೊಂದು ಹನ್ನೆರಡರಲ್ಲಿದೆ. ನೋಟ ಮರಳಲಿಲ್ಲ. ಏಪ್ರಿಲ್ ಕಳೆಯುವಷ್ಟರಲ್ಲಿ ಬೆರಳು ಎಣಿಸುವುದೂ ಹೋಯಿತು. ಈಗ ಎಡಗಣ್ಣಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ.

ಒಂದು ದಿನ ಊಟದ ಹೊತ್ತಿನಲ್ಲಿ ಡಾಕ್ಟರರನ್ನು ನೇರವಾಗಿ ಕೇಳಿದೆ: ಜನವರಿಯಲ್ಲೇ ಮಾಡಿಸಿದ್ದರೆ ಉಳಿಯುತ್ತಿತ್ತೇ? ಅವರು ಡಬ್ಬಿಯ ಮುಚ್ಚಳ ಹಾಕಿ, "ಉಳೀಬಹುದಿತ್ತು. ಆಪರೇಷನ್ ಟೇಬಲ್ ಮೇಲೇ ಹೋಗಬಹುದಿತ್ತು. ಗೊತ್ತಿಲ್ಲ ಅಕ್ಕಾ. ನಿಮ್ಮ ಸಮಾಧಾನಕ್ಕೆ ನಾನು ಒಂದನ್ನು ಆರಿಸಿ ಹೇಳೋದಿಲ್ಲ" ಎಂದರು. ಅವರು ಹೇಳಿದ್ದು ಸರಿ. ಇನ್ನೊಂದು ಮಾತನ್ನೂ ಸೇರಿಸಿದರು: "ನಾನು ಫೋನಿಗೆ ಸಿಗ್ತಿದ್ದೆ." ಅದೂ ಸರಿ.

ಮಾರನೇ ವಾರ ದುಬಲಗುಂಡಿಗೆ ಹೋದೆ. ಅಂಗಡಿ ತೆರೆದೇ ಇತ್ತು. ವೈಜಿನಾಥ ಒಳಗೆ ಕೂತಿದ್ದರು, ಗಿರಾಕಿಗಳು ಹೆಚ್ಚಿರಲಿಲ್ಲ. ಚೀಟಿಯಿಲ್ಲದೆ ಆ ಹನಿ ಕೊಡುವುದನ್ನು ಅವರು ಜೂನಿನಲ್ಲೇ ಬಿಟ್ಟಿದ್ದರು. ಹನಿ ಕೇಳಿ ಬಂದವರಿಗೆ ಕಾರಣ ವಿವರಿಸುತ್ತಿದ್ದರು. ಜನ ಕೇಳಿಸಿಕೊಂಡು ಹುಮನಾಬಾದಿನ ಬಸ್ಸು ಹತ್ತಿ ಬೇರೆ ಅಂಗಡಿಯಿಂದ ಅದೇ ಹನಿ ತರುತ್ತಿದ್ದರು. "ನನ್ನ ಮಗಳ ಹೆಸರ ಹೇಳಿ ತಿಳಿಸ್ತೀನ್ರಿ. ನಿನ್ನ ಮಗಳ ನಸೀಬ ಹಂಗಿತ್ತು ಅಂತಾರ. ನಮಗ ಏನೂ ಆಗಿಲ್ಲ ಅಂತಾರ" ಎಂದರು. ಹಾಗೆ ಅಂದವರಲ್ಲಿ ನಾವು ಪರೀಕ್ಷಿಸಿ ಏನೂ ಆಗಿಲ್ಲವೆಂದು ಕಳಿಸಿದ ಒಂಬತ್ತರಲ್ಲಿ ಮೂವರಿದ್ದರು.

ಅಂಬಿಕಾ ಒಳಮನೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಕುರುಡರ ಫೋನು ಬಳಕೆಯನ್ನು, ಕೋಲಿನ ನಡಿಗೆಯನ್ನು ಕಲಿಸುವ ತರಬೇತಿಯ ವಿವರ ಒಯ್ದಿದ್ದೆ. ಓದಿ ಹೇಳಿದೆ. ಕೊನೆಯವರೆಗೆ ಕೇಳಿ, "ಈಗ ಬ್ಯಾಡ್ರಿ" ಎಂದಳು. ಯಾವಾಗ ಎಂದು ನಾನು ಕೇಳಲಿಲ್ಲ. ಬಿ.ಎಸ್ಸಿ. ಬಿಟ್ಟಳು. ತರಬೇತಿಗೆ ಇವತ್ತಿನವರೆಗೂ ಹೋಗಿಲ್ಲ. ಆರು ತಿಂಗಳಿಗೊಮ್ಮೆ ಒತ್ತಡ ತೋರಿಸಲು ಬರುತ್ತಾಳೆ, ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾಳೆ. ಕ್ಷಮೆ ಕೇಳಿದ್ದೇನೆ. "ಆಯ್ತ್ರಿ" ಎಂದಿದ್ದಾಳೆ. ಆ ಆಯ್ತಿನ ಅರ್ಥ ಏನೆಂದು ನನಗೆ ತಿಳಿದಿಲ್ಲ.

ಆ ವರ್ಷದ ನಂತರ ನಾನು ಒಂದು ರೂಢಿ ಮಾಡಿಕೊಂಡೆ. ಡಾಕ್ಟರ್ ನಂದಿನಿಯ ಒಪ್ಪಿಗೆಯೂ ಇದೆ. ಅಂಕಿ ಅರವತ್ತರ ಕೆಳಗೆ ಬಂದ ಯಾರನ್ನೂ ಸುಮ್ಮನೆ ಮನೆಗೆ ಕಳಿಸುವುದಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ, ಇನ್ನು ಮುಂದೆ ಈ ಅಂಕಿ ಇಳಿಯದಿದ್ದರೆ ನಿಂತಿದೆ ಎಂದು ತಿಳಿಯಬೇಡಿ, ಇದಕ್ಕೆ ಕಾಣುವುದು ಇಷ್ಟೇ ಎನ್ನುತ್ತೇನೆ. ಆಮೇಲೆ ಡಾಕ್ಟರರಿಗೆ ಅವರೆದುರೇ ಫೋನು ಹಚ್ಚುತ್ತೇನೆ. ಇದರಿಂದ ಎಲ್ಲ ಸರಿಹೋಯಿತೆಂದು ಹೇಳಲಾರೆ. ಕಳೆದ ವರ್ಷ ಬಸವಕಲ್ಯಾಣದ ನಿವೃತ್ತ ಮಾಸ್ತರರೊಬ್ಬರು ಅಂಕಿ ಬದಲಾಗಿಲ್ಲವೆಂದು ಹಿಗ್ಗಿದಾಗ ಅದೇ ಮಾತು ಹೇಳಿದೆ. "ಸಮಾಧಾನಕ್ಕ ಬಂದ್ರ ಹೆದರ್ಸಿ ಕಳಸ್ತೀರಿ" ಎಂದು ಸಿಟ್ಟಾಗಿ ಎದ್ದು ಹೋದರು, ಮತ್ತೆ ಬರಲಿಲ್ಲ. ಅವರ ಕಣ್ಣು ಈಗ ಹೇಗಿದೆಯೋ ನನಗೆ ಗೊತ್ತಿಲ್ಲ.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಸಣ್ಣ ಪಾಠ, ಕಲಿತದ್ದು ತಡವಾಗಿ. ಅಳತೆ ಓದಿ ಹೇಳಿದರೆ ನಮ್ಮ ಕೆಲಸ ಮುಗಿಯುವುದಿಲ್ಲ, ಆ ಅಳತೆಗೆ ಎಲ್ಲಿಂದ ಮುಂದೆ ಏನೂ ತಿಳಿಯುವುದಿಲ್ಲ ಎಂಬುದನ್ನೂ ಹೇಳಬೇಕು, ಎದುರಿಗಿರುವವರ ಮುಖ ಎಷ್ಟೇ ಅರಳಿರಲಿ. ಹೇಳಿದರೂ ಕಣ್ಣು ಉಳಿಯದೆ ಹೋಗಬಹುದು. ಆದರೆ ಉಳಿಸಿಕೊಳ್ಳಲು ಓಡಾಡಬಹುದಾಗಿದ್ದ, ಜನವರಿಯಿಂದ ಫೆಬ್ರುವರಿವರೆಗಿನ ಆರು ವಾರಗಳನ್ನು ನಾನು ಒಂದು ನಗುವಿನಲ್ಲಿ ಅವರಿಂದ ಕಸಿದುಕೊಂಡೆ. ಆ ವಾರಗಳು ಅವರದಾಗಿದ್ದವು.